ಯೋಧರ ಬೆವರು ಅಳೆದ ಅಡಾಲ್ಫ್

ಮಕ್ಕಳೇ, ಕಡಿಮೆ ನೀರು ಕುಡಿದು ದುಡಿಯುವುದನ್ನು ದೇಹಕ್ಕೆ ರೂಢಿ ಮಾಡಿಸಬಹುದೇ? ಹಿಂದೆ ಅನೇಕ ಸೇನಾಧಿಕಾರಿಗಳು ಮಾಡಿಸಬಹುದೆಂದೇ ನಂಬಿದ್ದರು. ಆ ನಂಬಿಕೆಯನ್ನು ಪರೀಕ್ಷಿಸಿ ನೋಡಿದವರು ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ಎಡ್ವರ್ಡ್ ಅಡಾಲ್ಫ್.

ಇವರು 1895ರಲ್ಲಿ ಫಿಲಡೆಲ್ಫಿಯಾದಲ್ಲಿ ಜನಿಸಿದರು. ಹಾರ್ವರ್ಡ್‌ನಲ್ಲಿ ಓದಿ, ಮುಂದೆ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಅದು ಎರಡನೆಯ ಮಹಾಯುದ್ಧದ ಕಾಲ. ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಕಾಳಗ ನಡೆದಿತ್ತು. 1942ರಲ್ಲಿ ಅಮೆರಿಕದ ಯೋಧರು ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ತರಬೇತಿ ಪಡೆಯತೊಡಗಿದರು. ಅಡಾಲ್ಫ್ ಮತ್ತು ಸಂಗಡಿಗರು ತೂಕದ ಯಂತ್ರದೊಂದಿಗೆ ಅಲ್ಲಿಗೆ ಹೋದರು.

ತೂಕದ ಯಂತ್ರ ಏಕೆ? ನಡಿಗೆಯ ಮೊದಲು ಮತ್ತು ನಂತರ ಯೋಧರನ್ನು ತೂಗಬೇಕು. ಕುಡಿದ ನೀರು, ಹೋದ ಮೂತ್ರ ಎರಡನ್ನೂ ಲೆಕ್ಕಕ್ಕೆ ಹಿಡಿದರೆ ಬೆವರಾಗಿ ಹೋದದ್ದೆಷ್ಟೆಂದು ತಿಳಿಯುತ್ತದೆ. ಸುಡುಬಿಸಿಲಿನಲ್ಲಿ ನಡೆಯುವವನಿಂದ ಗಂಟೆಗೆ ಸುಮಾರು 1 ಲೀಟರ್ ಬೆವರು ಹರಿಯುತ್ತಿತ್ತು! ಬೆವರು ಆರುವಾಗ ಚರ್ಮದ ಶಾಖವನ್ನು ಒಯ್ಯುತ್ತದೆ. ಅದಕ್ಕಾಗಿಯೇ ನೀರು ಕೊಡದಿದ್ದರೂ ದೇಹ ಬೆವರುವುದನ್ನು ಬಿಡಲಿಲ್ಲ. ಎಷ್ಟು ದಿನ ರೂಢಿ ಮಾಡಿಸಿದರೂ ಅಷ್ಟೇ. ದೇಹದ ನೀರು ಕಡಿಮೆಯಾದಂತೆ ನಾಡಿಬಡಿತವೂ ಮೈಬಿಸಿಯೂ ಏರಿ, ಯೋಧರು ನಡೆಯಲಾರದೆ ಕುಳಿತುಬಿಡುತ್ತಿದ್ದರು.

ಇನ್ನೊಂದು ಸೋಜಿಗ. ಬೇಕಾದಷ್ಟು ನೀರು ಇಟ್ಟರೂ ನಡೆಯುವಾಗ ಅವರು ಕಳೆದುಕೊಂಡಷ್ಟು ಕುಡಿಯುತ್ತಿರಲಿಲ್ಲ. ಬಾಯಾರಿಕೆ ಬೇಗ ತಣಿದುಬಿಡುತ್ತಿತ್ತು. ಉಳಿದ ಕೊರತೆ ತುಂಬುತ್ತಿದ್ದುದು ಊಟದ ಹೊತ್ತಿಗೆ! ಬಿಸಿಲಲ್ಲಿ ಅಂಗಿ ಬಿಚ್ಚಿದವರು ತೊಟ್ಟವರಿಗಿಂತ ಹೆಚ್ಚು ಬೆವರುತ್ತಿದ್ದರು. ಅಂಗಿ ಕಳಚಿದರೆ ತಂಪು ಎಂದುಕೊಳ್ಳುತ್ತೇವಲ್ಲ? ಉಳಿಸಬೇಕಾದದ್ದು ಸೀಸೆಯ ನೀರನ್ನಲ್ಲ, ಮೈಯ ಬೆವರನ್ನು ಎಂಬುದು ಅವರ ತೀರ್ಮಾನ. ಹಗಲು ನೆರಳಲ್ಲಿ ವಿಶ್ರಾಂತಿ, ರಾತ್ರಿ ನಡಿಗೆ, ಬಾಯಾರಿದಾಗ ನೀರು.

ಈ ಅಧ್ಯಯನವೆಲ್ಲ 1947ರಲ್ಲಿ ಪುಸ್ತಕವಾಗಿ ಹೊರಬಂದಿತು. ಅಡಾಲ್ಫ್ 1986ರಲ್ಲಿ ತೀರಿಕೊಂಡರು. ದೂರದ ಓಟಗಾರರನ್ನು ಓಟದ ಮೊದಲು ಮತ್ತು ನಂತರ ತೂಗಿ ಬೆವರು ಲೆಕ್ಕಹಾಕುವ ಕ್ರಮ ಇಂದಿಗೂ ಇದೆ.