25 ವರ್ಷವಷ್ಟೇ ಬದುಕಿದ ವಿಜ್ಞಾನಿ: ಭ್ರೂಣದ ಗುಟ್ಟು ಬಿಚ್ಚಿಟ್ಟ ಹಿಲ್ಡೆ ಮ್ಯಾಂಗೋಲ್ಡ್ ಯಾರು?

ಒಂದೇ ಒಂದು ಕೋಶದಿಂದ ಶುರುವಾಗುವ ಭ್ರೂಣದಲ್ಲಿ ತಲೆ ಎಲ್ಲಿ, ಬೆನ್ನು ಎಲ್ಲಿ ಎಂಬುದು ನಿರ್ಧಾರವಾಗುವುದು ಹೇಗೆ? ಈ ಪ್ರಶ್ನೆಗೆ 100 ವರ್ಷಗಳ ಹಿಂದೆಯೇ ಪ್ರಯೋಗದ ಮೂಲಕ ಉತ್ತರ ಹುಡುಕಿದವರು ಜರ್ಮನಿಯ ಯುವತಿ ಹಿಲ್ಡೆ ಮ್ಯಾಂಗೋಲ್ಡ್. ಆದರೆ ಆ ಸಂಶೋಧನೆಗೆ ಸಿಕ್ಕ ಮನ್ನಣೆ ನೋಡಲು ಅವರು ಬದುಕಿರಲಿಲ್ಲ.

1898ರ ಅಕ್ಟೋಬರ್ 20ರಂದು ಗೋಥಾ ನಗರದಲ್ಲಿ ಹುಟ್ಟಿದ ಹಿಲ್ಡೆ, ಫ್ರಾಂಕ್‌ಫರ್ಟ್‌ನಲ್ಲಿ ಓದುವಾಗ ಭ್ರೂಣವಿಜ್ಞಾನಿ ಹಾನ್ಸ್ ಸ್ಪೆಮನ್ ಅವರ ಉಪನ್ಯಾಸ ಕೇಳಿದರು. ಅವರ ಬಳಿಯೇ ಸಂಶೋಧನೆ ನಡೆಸಲು 1920ರಲ್ಲಿ ಫ್ರೈಬರ್ಗ್ ವಿಶ್ವವಿದ್ಯಾಲಯ ಸೇರಿದರು.

ಒಂದು ಭ್ರೂಣದಲ್ಲಿ ಎರಡು ದೇಹ!

ಹಿಲ್ಡೆ ಆರಿಸಿಕೊಂಡಿದ್ದು ನ್ಯೂಟ್ ಎಂಬ, ನೋಡಲು ಹಲ್ಲಿಯಂತಿರುವ ಉಭಯವಾಸಿಯನ್ನು. ತಿಳಿ ಬಣ್ಣದ ನ್ಯೂಟ್ ಭ್ರೂಣದ ಒಂದು ನಿರ್ದಿಷ್ಟ ಭಾಗದಿಂದ ಚೂರು ತೆಗೆದು, ಗಾಢ ಬಣ್ಣದ ಇನ್ನೊಂದು ಜಾತಿಯ ನ್ಯೂಟ್ ಭ್ರೂಣಕ್ಕೆ ಕಸಿ ಮಾಡಿದರು. ಆಗಿನ್ನೂ ಆ್ಯಂಟಿಬಯಾಟಿಕ್ ಇರಲಿಲ್ಲ. ಹೆಚ್ಚಿನ ಭ್ರೂಣಗಳು ಸತ್ತವು. ಉಳಿದ ಬೆರಳೆಣಿಕೆಯ ಭ್ರೂಣಗಳಲ್ಲಿ ಅಚ್ಚರಿ ಕಾದಿತ್ತು. ಕಸಿ ಮಾಡಿದ ಜಾಗದಲ್ಲಿ ಎರಡನೇ ದೇಹವೇ ಬೆಳೆಯತೊಡಗಿತ್ತು!

ಬಣ್ಣದ ವ್ಯತ್ಯಾಸದಿಂದ ಇನ್ನೊಂದು ಸಂಗತಿಯೂ ಗೊತ್ತಾಯಿತು. ಎರಡನೇ ದೇಹದ ಹೆಚ್ಚಿನ ಭಾಗ ಕಸಿ ಪಡೆದ ಭ್ರೂಣದ ಕೋಶಗಳಿಂದಲೇ ಆಗಿತ್ತು. ಅಂದರೆ, ಹೊರಗಿನಿಂದ ಬಂದ ಚೂರು ಸುತ್ತಲಿನ ಕೋಶಗಳಿಗೆ ಏನಾಗಬೇಕೆಂದು ಸೂಚನೆ ಕೊಟ್ಟಿತ್ತು. ಈ ಭಾಗಕ್ಕೆ 'ಸಂಘಟಕ' ಎಂಬ ಹೆಸರು ಬಂತು.

ಗುರುವಿಗೆ ನೊಬೆಲ್, ಶಿಷ್ಯೆಗೆ ಅಕಾಲ ಮರಣ

1924ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಮೊದಲು ಸ್ಪೆಮನ್ ಹೆಸರಿತ್ತು, ನಂತರ ಹಿಲ್ಡೆ ಹೆಸರು. ಪ್ರಯೋಗ ಮಾಡಿದ್ದ ಹಿಲ್ಡೆಗೆ ಇದು ಬೇಸರ ತಂದಿತ್ತು ಎಂದು ಅವರ ಸಹಪಾಠಿ, ವಿಜ್ಞಾನಿ ವಿಕ್ಟರ್ ಹ್ಯಾಂಬರ್ಗರ್ ನೆನಪಿಸಿಕೊಂಡಿದ್ದಾರೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹೀಟರ್ ಸ್ಫೋಟಗೊಂಡು ಹಿಲ್ಡೆ ಸುಟ್ಟಗಾಯಗಳಿಂದ ಮೃತಪಟ್ಟರು. ಮಗನಿಗೆ ಆಗಿನ್ನೂ ಒಂದು ವರ್ಷವೂ ತುಂಬಿರಲಿಲ್ಲ. 1935ರಲ್ಲಿ ಸಂಘಟಕದ ಶೋಧಕ್ಕಾಗಿ ನೊಬೆಲ್ ಪ್ರಶಸ್ತಿ ಸ್ಪೆಮನ್ ಒಬ್ಬರಿಗೇ ಸಂದಿತು.

ಈಗ ಸ್ಟೆಮ್ ಸೆಲ್ ಸರದಿ

ಮನುಷ್ಯರಲ್ಲೂ ಇಂಥ ಸಂಘಟಕ ಇದೆಯೇ? ಇದನ್ನು ತಿಳಿಯುವುದು ಸುಲಭವಿರಲಿಲ್ಲ. ಸಸ್ತನಿಗಳ ಭ್ರೂಣ ಬೆಳೆಯುವುದು ಗರ್ಭದೊಳಗೆ. ಲ್ಯಾಬ್‌ನಲ್ಲಿ ಮಾನವ ಭ್ರೂಣವನ್ನು 14 ದಿನಗಳಾಚೆ ಬೆಳೆಸಲು ಭಾರತ ಸೇರಿದಂತೆ ಹಲವು ದೇಶಗಳಲ್ಲಿ ಅವಕಾಶವಿಲ್ಲ. ದೇಹದ ರೂಪರೇಖೆ ಮೂಡತೊಡಗುವುದು ಹೆಚ್ಚುಕಡಿಮೆ ಅದೇ ಹೊತ್ತಿಗೆ. ಈ ಕೊರತೆ ತುಂಬಲು ವಿಜ್ಞಾನಿಗಳು ಸ್ಟೆಮ್ ಸೆಲ್‌ಗಳಿಂದ ಭ್ರೂಣದ ಮಾದರಿಗಳನ್ನು ರೂಪಿಸುತ್ತಿದ್ದಾರೆ.

2018ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಅಲಿ ಬ್ರಿವಾನ್ಲೂ ತಂಡ, ಮಾನವ ಸ್ಟೆಮ್ ಸೆಲ್‌ಗಳಿಂದ ಬೆಳೆಸಿದ ಸಂಘಟಕವನ್ನು ಕೋಳಿ ಭ್ರೂಣಕ್ಕೆ ಕಸಿ ಮಾಡಿತು. ಸುತ್ತಲಿನ ಕೋಳಿ ಕೋಶಗಳು ನರಮಂಡಲದ ಅಂಗಾಂಶವಾಗಿ ಬದಲಾದವು. ಹಿಲ್ಡೆ ನ್ಯೂಟ್‌ಗಳಲ್ಲಿ ಕಂಡಿದ್ದ ಗುಣ ಮಾನವ ಕೋಶಗಳಲ್ಲೂ ಇದೆ ಎಂಬುದು ಅವರು ತೀರಿಕೊಂಡ 94 ವರ್ಷಗಳ ಬಳಿಕ ಸಾಬೀತಾಯಿತು.