ಪಿಯಾನೋ ಬಲ್ಲ ಮಹಾರಾಜರು: ಜಯಚಾಮರಾಜ ಒಡೆಯರ್

ಧನಕವಡಿಯಿಂದ ಬಿಬವೇವಾಡಿಯವರೆಗೆ ಸಾತಾರಾ ರಸ್ತೆಯ ಆಸುಪಾಸಿನಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಸಂಗೀತವೆಂದರೆ ಹಾಡುಗಾರಿಕೆ, ಹಾರ್ಮೋನಿಯಂ, ತಬಲಾ. ಸವಾಯಿ ಗಂಧರ್ವ ಮಹೋತ್ಸವ ಬಂದಿತೆಂದರೆ ಭೀಮಸೇನ ಜೋಶಿಯವರು ನಮ್ಮ ಗದಗಿನವರೆಂದು ನೆರೆಹೊರೆಯವರಿಗೆ ಹೇಳಿ ಹಿಗ್ಗುತ್ತೇವೆ. ಪಿಯಾನೋ ಮಾತ್ರ ಕ್ಯಾಂಪಿನ ಕಡೆಯವರದು, ಪಾರ್ಸಿಗಳದು, ಕ್ರೈಸ್ತರದು ಎಂಬ ಭಾವನೆ ಹಿರಿಯರಲ್ಲಿ ಇನ್ನೂ ಉಳಿದಿದೆ. ಮಧ್ಯಾಹ್ನದ ಊಟದ ವೇಳೆಗೆ ಶೋಪಾನ್, ಶೂಮನ್ ಮೊದಲಾದವರ ಕೃತಿಗಳನ್ನು ನುಡಿಸುವ ಕಛೇರಿಯೊಂದಕ್ಕೆ ಮಕ್ಕಳು ಕರೆದರೆ, ಅದರಲ್ಲಿ ನಮ್ಮದೇನಿದೆ ಎಂದು ಕೇಳುವವರೂ ಉಂಟು. ಅಂಥವರು ಮೈಸೂರಿನ ಕೊನೆಯ ಮಹಾರಾಜರ ಬಾಳನ್ನು ಒಮ್ಮೆ ಅವಲೋಕಿಸಬೇಕೆಂಬುದು ನಮ್ಮ ಅಪೇಕ್ಷೆ.

ಜಯಚಾಮರಾಜ ಒಡೆಯರು 1919ರ ಜುಲೈ 18ರಂದು ಮೈಸೂರಿನಲ್ಲಿ ಜನಿಸಿದರು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು, ತಾಯಿ ಕೆಂಪುಚೆಲುವಾಜಮ್ಮಣ್ಣಿಯವರು. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು ಸ್ವತಃ ಅನೇಕ ವಾದ್ಯಗಳನ್ನು ಬಲ್ಲವರು. ಅರಮನೆಯಲ್ಲಿ ವೀಣೆಯೂ ಇತ್ತು, ಪಾಶ್ಚಾತ್ಯ ವಾದ್ಯವೃಂದವೂ ಇತ್ತು. ಒಂದು ಇನ್ನೊಂದಕ್ಕೆ ಅಡ್ಡ ಬರುತ್ತದೆಂದು ಅಲ್ಲಿ ಯಾರಿಗೂ ಅನಿಸಿದಂತೆ ತೋರುವುದಿಲ್ಲ. ಬಾಲಕ ಜಯಚಾಮರಾಜರಿಗೆ ಪಿಯಾನೋ ಹಿಡಿಸಿತು. 1938ರಲ್ಲಿ ಮಹಾರಾಜ ಕಾಲೇಜಿನಿಂದ ಪದವಿಯನ್ನು ಚಿನ್ನದ ಪದಕಗಳೊಂದಿಗೆ ಪಡೆದರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಅರ್ಹತೆಯೂ ಅವರದಾಯಿತು. ಕಛೇರಿಯ ಪಿಯಾನೋ ವಾದಕರಾಗಬೇಕು, ಆ ಕಾಲದ ಮಹಾನ್ ವಾದಕ ರಾಖ್ಮನಿನೋವ್ ಅವರ ಬಳಿ ಕಲಿಯಬೇಕು ಎಂಬುದು ಅವರ ಹಂಬಲವಾಗಿತ್ತು.

1939ರಲ್ಲಿ ಅವರು ಯೂರೋಪಿನ ಪ್ರವಾಸ ಮಾಡಿದರು. ಅದೇ ವರ್ಷ ಯುದ್ಧ ಆರಂಭವಾಗಿ, ಬಾಂಬಿನ ಭಯಕ್ಕೆ ಲಂಡನ್ನಿನ ಸಂಜೆಯ ಸಭಾಂಗಣಗಳೆಲ್ಲ ಮುಚ್ಚಿದವು. ಆಗ ಮೈರಾ ಹೆಸ್ ಎಂಬ ಪಿಯಾನೋ ವಾದಕಿ, ಚಿತ್ರಗಳನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸಿ ಬರಿದಾಗಿದ್ದ ನ್ಯಾಷನಲ್ ಗ್ಯಾಲರಿಯಲ್ಲಿ ಊಟದ ವೇಳೆಯ ಕಛೇರಿಗಳನ್ನು ಆರಂಭಿಸಿದರು. ಪ್ರವೇಶಕ್ಕೆ ಒಂದು ಷಿಲಿಂಗು. 1939ರ ಅಕ್ಟೋಬರಿನಿಂದ 1946ರ ಏಪ್ರಿಲ್‌ವರೆಗೆ ಸುಮಾರು 1,700 ಕಛೇರಿಗಳು ನಡೆದವು. ಜರ್ಮನಿಯೊಡನೆ ಯುದ್ಧ ನಡೆಯುತ್ತಿದ್ದಾಗಲೇ ಜರ್ಮನರಾದ ಬೀಥೋವನ್, ಶೂಮನ್, ಬ್ರಾಮ್ಸ್ ಇವರ ಸಂಗೀತವನ್ನು ಗುಮಾಸ್ತರೂ ಸೈನಿಕರೂ ಕುಳಿತು ಕೇಳಿದರೆಂಬುದನ್ನು ಗಮನಿಸಬೇಕು. ಇಂದು ಎಲ್ಲೆಡೆ ಕಾಣುವ ಮಧ್ಯಾಹ್ನದ ಕಛೇರಿಗಳಿಗೆ ದೊಡ್ಡ ಹೆಸರು ತಂದದ್ದು ಅದೇ.

ಮೈಸೂರಿನಲ್ಲಿ ಮಾತ್ರ ವಿಧಿಯ ಲೆಕ್ಕ ಬೇರೆಯಾಗಿತ್ತು. 1940ರ ಮಾರ್ಚಿಯಲ್ಲಿ ತಂದೆಯವರು ಮುಂಬಯಿಯಲ್ಲಿ ತೀರಿಕೊಂಡರು. ಆಗಸ್ಟ್ 3ರಂದು ನಾಲ್ವಡಿಯವರೂ ಇಲ್ಲವಾದರು. ಸೆಪ್ಟೆಂಬರ್ 8ರಂದು, ಇಪ್ಪತ್ತೊಂದರ ಹರೆಯದಲ್ಲಿ, ಜಯಚಾಮರಾಜರು ಸಿಂಹಾಸನವನ್ನೇರಿದರು. ರಾಖ್ಮನಿನೋವ್ 1943ರಲ್ಲಿ ಅಮೆರಿಕದಲ್ಲಿ ನಿಧನರಾದರು. ಗುರುವಾಗಬೇಕೆಂದು ಬಯಸಿದ್ದವರೇ ಹೋದರು. ಶಿಷ್ಯನಾಗಬೇಕಿದ್ದವರು ದಸರೆಯ ಅಂಬಾರಿಯಲ್ಲಿ ಕುಳಿತಿದ್ದರು. ಅಂಬಾರಿಯನ್ನು ನೋಡಿ ಕೈಮುಗಿದ ಲಕ್ಷಾಂತರ ಮಂದಿಯಲ್ಲಿ ಎಷ್ಟು ಜನರಿಗೆ ಇದು ತಿಳಿದಿತ್ತೋ!

ತಾವು ವಾದಕರಾಗಲಾರದ ಮಹಾರಾಜರು ಮತ್ತೊಬ್ಬ ವಾದಕರನ್ನು ಬದುಕಿಸಿದರು. ನಿಕೊಲಾಯ್ ಮೆಟ್ನರ್ 1880ರಲ್ಲಿ ಮಾಸ್ಕೋದಲ್ಲಿ ಜನಿಸಿದವರು, ರಾಖ್ಮನಿನೋವ್‌ರ ಆಪ್ತರು. ರಷ್ಯವನ್ನು ತೊರೆದು ಕೊನೆಗೆ ಲಂಡನ್ನಿನಲ್ಲಿ ನೆಲೆಸಿದ್ದರು. ಹತ್ತೊಂಬತ್ತನೆಯ ಶತಮಾನದ ರಮ್ಯ ಸಂಗೀತದ ದಾರಿಯನ್ನು ಇಪ್ಪತ್ತನೆಯ ಶತಮಾನದಲ್ಲೂ ಬಿಡದೆ ಹಿಡಿದಿದ್ದರಿಂದ ಹೊಸಬರಿಗೆ ಅವರು ಹಳಬರಾಗಿ ಕಂಡರು. ಯುದ್ಧ ಬಂದಾಗ ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ವರಮಾನವೂ ನಿಂತಿತು, ಆರೋಗ್ಯವೂ ಕುಸಿಯಿತು. ಇಂಥವರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸಲು ಸಾವಿರಾರು ಮೈಲಿ ದೂರದ ಕನ್ನಡನಾಡಿನ ದೊರೆ ಹಣ ಒದಗಿಸಿದರು. ಹೀಗೆ ಮೆಟ್ನರ್ ಸೊಸೈಟಿ ಹುಟ್ಟಿತು. ಮೂರು ಪಿಯಾನೋ ಕಂಚೆರ್ಟೊಗಳು, ಸೊನಾಟಗಳು, ಹಾಡುಗಳು ಗ್ರಾಮಫೋನ್ ತಟ್ಟೆಗಳಲ್ಲಿ ಉಳಿದವು. ಮೆಟ್ನರ್ ತಮ್ಮ ಮೂರನೆಯ ಕಂಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. 1951ರ ನವೆಂಬರಿನಲ್ಲಿ ಅವರು ಕಣ್ಮುಚ್ಚಿದರು. ಇನ್ನೊಂದೆರಡು ವರ್ಷ ತಡವಾಗಿದ್ದರೆ ಆ ಕೈಗಳ ನುಡಿಸಾಣಿಕೆ ಯಾರಿಗೂ ದಕ್ಕುತ್ತಿರಲಿಲ್ಲ.

ಧ್ವನಿಮುದ್ರಣದ ನಿರ್ಮಾಪಕ ವಾಲ್ಟರ್ ಲೆಗ್ ಮೈಸೂರಿಗೆ ಬಂದು ವಾರಗಟ್ಟಲೆ ತಂಗಿದ್ದರು. ಅರಮನೆಯ ರೆಕಾರ್ಡು ಸಂಗ್ರಹ, ಹಲವು ಗ್ರ್ಯಾಂಡ್ ಪಿಯಾನೋಗಳು, ಧ್ವನಿವರ್ಧಕಗಳು ಇವನ್ನು ಕಂಡು ಬೆರಗಾದುದನ್ನು ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. ಲೆಗ್ ಕಟ್ಟಿದ್ದ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೂ ಮಹಾರಾಜರ ನೆರವು ಹರಿಯಿತು. 1948ರಲ್ಲಿ ಅದರ ಕನ್ಸರ್ಟ್ ಸೊಸೈಟಿಗೆ ಅವರೇ ಮೊದಲ ಅಧ್ಯಕ್ಷರಾದರು.

ಇಲ್ಲೊಂದು ಪ್ರಶ್ನೆ ಏಳುವುದು ಸಹಜ. ಮೈಸೂರಿನ ರೈತನ ನಾಡಿನಿಂದ ಲಂಡನ್ನಿನ ವಾದ್ಯಗೋಷ್ಠಿಗೆ ಹಣ ಹೋದದ್ದು ಸರಿಯೇ? 1947ರಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಚಲೋ ಚಳವಳಿ ನಡೆದು ಜನರು ಸೆರೆಮನೆ ಸೇರಿದ್ದರು. ಆ ವರ್ಷದ ಅಕ್ಟೋಬರಿನಲ್ಲಷ್ಟೇ ಕೆ.ಸಿ. ರೆಡ್ಡಿಯವರ ಸರ್ಕಾರ ಬಂದಿತು. ಈ ಆಕ್ಷೇಪವನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ಆದರೆ ಆ ಕಾಲದ ಎಷ್ಟೋ ಸಂಸ್ಥಾನಿಕರ ಹಣ ಕುದುರೆ ಜೂಜಿಗೂ ಮೋಟಾರು ಕಾರುಗಳಿಗೂ ಹೋಯಿತು. ಅವರ ಹೆಸರಿನಲ್ಲಿ ಉಳಿದದ್ದೇನು? ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಸ್ವಾತಂತ್ರ್ಯದ ಮುನ್ನವೇ ಸಹಿ ಹಾಕಿದವರು, ಅಧಿಕಾರವನ್ನು ಪ್ರಜಾಪ್ರತಿನಿಧಿಗಳಿಗೆ ಒಪ್ಪಿಸಿದವರು ಇದೇ ಜಯಚಾಮರಾಜರೆಂಬುದನ್ನೂ ತಕ್ಕಡಿಯಲ್ಲಿ ಇಡಬೇಕು.

ಇನ್ನು ರಿಚರ್ಡ್ ಸ್ಟ್ರೌಸ್. ರಮ್ಯ ಪರಂಪರೆಯ ಈ ಕೊನೆಯ ದೊಡ್ಡ ಮರ 1948ರಲ್ಲಿ, ತಮ್ಮ ಎಂಬತ್ತನಾಲ್ಕರ ವಯಸ್ಸಿನಲ್ಲಿ, ನಾಲ್ಕು ಗೀತೆಗಳನ್ನು ರಚಿಸಿದರು. ಮೂರರ ಸಾಹಿತ್ಯ 'ಸಿದ್ಧಾರ್ಥ' ಕಾದಂಬರಿಯ ಹರ್ಮನ್ ಹೆಸ್ ಅವರದು. ಗೀತೆಗಳನ್ನು ಕೇಳುವ ಮೊದಲೇ, 1949ರ ಸೆಪ್ಟೆಂಬರಿನಲ್ಲಿ, ಸ್ಟ್ರೌಸ್ ನಿಧನರಾದರು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಅವುಗಳನ್ನು ಮೊದಲ ಬಾರಿಗೆ ಹಾಡಿದರು. ಫುರ್ಟ್‌ವೆಂಗ್ಲರ್ ಫಿಲ್‌ಹಾರ್ಮೋನಿಯಾವನ್ನು ನಡೆಸಿದರು. ಈ ಕಛೇರಿಗೆ ಮಹಾರಾಜರು 4,800 ಡಾಲರುಗಳ ಗ್ಯಾರಂಟಿ ನೀಡಿದ್ದರು. ಬ್ಯಾಂಕಿನಲ್ಲಿ ದಿನವೂ ಗ್ಯಾರಂಟಿ ಪತ್ರಗಳನ್ನು ಕಾಣುವ ನಮಗೆ ಇಂಥ ಗ್ಯಾರಂಟಿ ಎಂದೂ ಕಣ್ಣಿಗೆ ಬಿದ್ದಿಲ್ಲ! ಪ್ರತಿಯಾಗಿ ಅವರು ಬಯಸಿದ್ದು ಒಂದು ಧ್ವನಿಮುದ್ರಿಕೆ ಮಾತ್ರ. ಕಛೇರಿಗೆ ಹೋಗಲು ಅವರಿಗಾಗಲಿಲ್ಲ. ಆ ವರ್ಷದ ಜನವರಿ 26ರಿಂದ ಅವರು ಮೈಸೂರು ರಾಜ್ಯದ ರಾಜಪ್ರಮುಖರಾಗಿದ್ದರು.

ಈ ಪಾಶ್ಚಾತ್ಯ ರಸಿಕರೇ ಕರ್ನಾಟಕ ಸಂಗೀತದಲ್ಲಿ 94 ಸಂಸ್ಕೃತ ಕೃತಿಗಳನ್ನು ರಚಿಸಿದವರು. ಆಸ್ಥಾನ ವಿದ್ವಾನ್ ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನ, ಶ್ರೀವಿದ್ಯಾ ಉಪಾಸನೆ, 'ಶ್ರೀವಿದ್ಯಾ' ಎಂಬ ಅಂಕಿತ. ಅಠಾಣ ರಾಗದ 'ಶ್ರೀ ಮಹಾಗಣಪತಿಂ ಭಜೇಹಂ' ನಮ್ಮ ಗಣೇಶೋತ್ಸವದ ವೇದಿಕೆಗಳಲ್ಲೂ ಕೇಳಿಬರುವಂಥದು. ರಚಿಸಿದವರು ಯಾರೆಂದು ಹಾಡುವ ಮಕ್ಕಳಿಗೆ ಹೇಳಿಕೊಡುವವರು ಕಡಿಮೆ. ವೇದ ಪುರಾಣಗಳನ್ನು ಕನ್ನಡಕ್ಕೆ ತಂದ ಜಯಚಾಮರಾಜ ಗ್ರಂಥರತ್ನಮಾಲೆಯ ಸಂಪುಟಗಳು ಎಷ್ಟೋ ಹಿರಿಯರ ಮನೆಯ ಕಪಾಟಿನಲ್ಲಿವೆ.

1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದಾಗ ವಿಶಾಲ ಮೈಸೂರಿನ ಮೊದಲ ರಾಜ್ಯಪಾಲರಾದರು. 1964ರಲ್ಲಿ ಮದರಾಸಿಗೆ ರಾಜ್ಯಪಾಲರಾಗಿ ತೆರಳಿದರು. 1966ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಷಿಪ್ ಸಂದಿತು. 1971ರಲ್ಲಿ ರಾಜಧನವೂ ಬಿರುದುಗಳೂ ರದ್ದಾದವು. 1974ರ ಸೆಪ್ಟೆಂಬರ್ 23ರಂದು, ಕೇವಲ 55ನೆಯ ವಯಸ್ಸಿನಲ್ಲಿ, ಅವರು ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು.

ಅದೇ ವರ್ಷ ಅವರ ಸಹೋದರಿ, ಸ್ವತಃ ಪಿಯಾನೋ ವಾದಕಿಯಾದ ವಿಜಯಾದೇವಿಯವರು, ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿಯನ್ನು ಸ್ಥಾಪಿಸಿದರು. ಮೆಟ್ನರ್ ನುಡಿಸಿದ ಆ ಧ್ವನಿಮುದ್ರಿಕೆಗಳು ಮುಂದೆ ಸಿ.ಡಿ.ಗಳಾಗಿ ಮತ್ತೆ ಹೊರಬಂದವು. 1950ರ ಆ ಸಂಜೆಯ ಫ್ಲಾಗ್‌ಸ್ಟಾಡ್ ಗಾಯನವೂ ದೊರೆಯುತ್ತದೆ. ಸವೆದ ತಟ್ಟೆಯ ಗರಗರ ಸದ್ದಿನ ಹಿಂದಿನಿಂದ ಆ ಕಂಠ ಕೇಳಿಬರುತ್ತದೆ.