ಪುಟ್ಟಣ್ಣ ತೋರಿದ ಕಿರುದಾರಿ

ಬ್ರಿಟನ್ನಿನ ಅಮಿಕಸ್ ಸಂಸ್ಥೆ 1965ರಿಂದ ಹಲವು ಕಥೆಗಳನ್ನು ಒಂದೇ ಚಿತ್ರದಲ್ಲಿ ಪೋಣಿಸಿ, ಅಲ್ಪ ವೆಚ್ಚದಲ್ಲಿ ಪ್ರೇಕ್ಷಕರನ್ನು ಬೆಚ್ಚಿಬೀಳಿಸುತ್ತಿತ್ತು. ಅಂಥದೇ ಹಂದರವನ್ನು ಕನ್ನಡದಲ್ಲಿ ದೆವ್ವಗಳಿಗಲ್ಲ, ಸಾಹಿತ್ಯಕ್ಕೆ ಮೀಸಲಿಟ್ಟವರು ಪುಟ್ಟಣ್ಣ ಕಣಗಾಲ್.

1933ರಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಲ್ಲಿ ಜನಿಸಿದ ಅವರು ಬಿ.ಆರ್. ಪಂತುಲು ಅವರ ಬಳಿ ಪಳಗಿ, ತ್ರಿವೇಣಿಯವರ ಕಾದಂಬರಿಗಳನ್ನು ಆಧರಿಸಿದ ‘ಬೆಳ್ಳಿಮೋಡ’ (1967), ‘ಶರಪಂಜರ’ಗಳಿಂದ (1971) ಮನೆಮಾತಾದರು. ಆದರೂ ಗೆದ್ದ ದಾರಿಗೇ ಅಂಟಿಕೊಳ್ಳದೆ, 1976ರ ‘ಕಥಾಸಂಗಮ’ದಲ್ಲಿ ಗಿರಡ್ಡಿ ಗೋವಿಂದರಾಜ, ವೀಣಾ ಎಲಬುರ್ಗಿ, ಈಶ್ವರಚಂದ್ರರ ಮೂರು ಸಣ್ಣಕಥೆಗಳನ್ನು ತೆರೆಗೆ ತಂದರು. ಅಂಧ ಮುನಿತಾಯಿಯಾಗಿ ಆರತಿ. ಅವಳ ಅಸಹಾಯಕತೆಯನ್ನು ಬಳಸಿಕೊಳ್ಳುವ ಕೇಡಿಯಾಗಿ, ಆಗಷ್ಟೇ ಚಿತ್ರರಂಗಕ್ಕೆ ಬಂದಿದ್ದ ರಜನೀಕಾಂತ್. ಯಾವ ಭೂತಕ್ಕಿಂತಲೂ ಈ ಮನುಷ್ಯನೇ ನನಗೆ ಭಯಾನಕ.

ಪುಟ್ಟಣ್ಣ 1985ರಲ್ಲಿ ತೀರಿಕೊಂಡರು. 2019ರಲ್ಲಿ ಏಳು ಕಥೆಗಳ ಚಿತ್ರವೊಂದು ಅದೇ ಹೆಸರು ಹೊತ್ತು ಬಂತು. ಸಣ್ಣಕಥೆಗಳ ಇಷ್ಟು ಸಂಪತ್ತುಳ್ಳ ಕನ್ನಡದಲ್ಲಿ ಅವರು ತೋರಿದ ದಾರಿ ಇನ್ನೂ ಸವೆದಿಲ್ಲವೆಂಬುದೇ ನನ್ನ ಕೊರಗು.